ಬೇಡ ಎನ್ನಲಾಗದವರ ಮೇಲೆ ನಿಗಾ: ಮಕ್ಕಳು, ಮರೆವಿನ ಹಿರಿಯರು ಮತ್ತು ಟ್ರ್ಯಾಕಿಂಗ್ ಸಾಧನಗಳು

ಬೆಂಗಳೂರಿನ ಖಾಸಗಿ ಶಾಲೆಗೆ ಹೋಗುವ ಹತ್ತು ವರ್ಷದ ಮಗು ದಿನವಿಡೀ ಎಲ್ಲೆಲ್ಲಿತ್ತು ಎಂಬುದು ಸಂಜೆಯೊಳಗೆ ನಾಲ್ಕೈದು ಕಡೆ ದಾಖಲಾಗಿರುವುದು ಈಗ ಅಪರೂಪವೇನಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಬಳಸುವ ಆ್ಯಪ್, ಶಾಲಾ ಬಸ್ಸಿನ ಜಿಪಿಎಸ್, ಕೊರಳಿನ ಐಡಿ ಕಾರ್ಡಿನಲ್ಲಿರುವ ಚಿಪ್, ಕಾರಿಡಾರಿನ ಸಿಸಿಟಿವಿ, ಕೈಗೆ ಕಟ್ಟಿದ ಸಿಮ್ ಇರುವ ಗಡಿಯಾರ, ಒಂದೊಂದೂ ಒಂದೊಂದು ತುಣುಕನ್ನು ಬರೆದಿಟ್ಟುಕೊಳ್ಳುತ್ತದೆ. ಅದೇ ಕಟ್ಟಡದ ಇನ್ನೊಂದು ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿಯ ಕೋಣೆಗೆ ಕ್ಯಾಮೆರಾ ಹಾಕಿಸಿ, ಅಮೆರಿಕದಲ್ಲಿರುವ ಮಗ ತನ್ನ ಫೋನಿನಲ್ಲಿ ಅದನ್ನು ನೋಡುತ್ತಿರಬಹುದು. ಈ ಇಬ್ಬರಲ್ಲಿ ಯಾರೂ ನಿಗಾ ಬೇಕೆಂದು ಕೇಳಿದವರಲ್ಲ; ಬೇಡವೆಂದು ಹೇಳಿ ಗೆಲ್ಲುವ ಸ್ಥಿತಿಯಲ್ಲಿರುವವರೂ ಅಲ್ಲ.

ಇಂಥ ಸಾಧನಗಳನ್ನು ಬಳಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಏಕೆಂದರೆ ಒಂದೇ ಗಡಿಯಾರ ಆರು ವರ್ಷದ ಮಗುವಿನ ಕೈಯಲ್ಲಿದ್ದಾಗ, ಹದಿನಾರರ ಹುಡುಗಿಯ ಕೈಯಲ್ಲಿದ್ದಾಗ ಮತ್ತು ಎಪ್ಪತ್ತೆಂಟರ ಅಜ್ಜನ ಕೈಯಲ್ಲಿದ್ದಾಗ ಬೇರೆ ಬೇರೆ ನೈತಿಕ ಪ್ರಶ್ನೆಗಳನ್ನು ಎತ್ತುತ್ತದೆ. ಆದರೂ ಮೂವರಿಗೂ ಅನ್ವಯಿಸುವ ತತ್ವವೊಂದಿದೆ. ಕಾರಣ ಕೊಡಬೇಕಾದವರು ನಿಗಾ ಇಡುವವರೇ ಹೊರತು ನಿಗಾಕ್ಕೆ ಒಳಗಾದವರಲ್ಲ. ಎದುರಿನವರಿಗೆ ಬೇಡವೆನ್ನುವ ಶಕ್ತಿ ಎಷ್ಟು ಕಡಿಮೆಯೋ ಆ ಕಾರಣ ಅಷ್ಟು ಗಟ್ಟಿಯಾಗಿರಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವುಮುರುವು. ಹೆಂಡತಿಯ ಫೋನಿಗೋ ಗಂಡನ ಫೋನಿಗೋ ಟ್ರ್ಯಾಕರ್ ಹಾಕಿದರೆ ಮನೆಯಲ್ಲಿ ರಂಪವಾಗುತ್ತದೆ ಎಂದು ಹಿಂಜರಿಯುವವರು ಮಗುವಿಗೂ ಅಜ್ಜನಿಗೂ ಎರಡನೆಯ ಯೋಚನೆಯಿಲ್ಲದೆ ಹಾಕುತ್ತಾರೆ, ಏಕೆಂದರೆ ಅವರಿಂದ ರಂಪವಾಗುವುದಿಲ್ಲ.

ಯಂತ್ರಕ್ಕೆ ಏನು ಗೊತ್ತಾಗುತ್ತದೆ

ನೈತಿಕತೆಯ ಚರ್ಚೆಗೆ ಮುನ್ನ ಈ ಸಾಧನಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಜಿಪಿಎಸ್ ಎಂದರೆ ಉಪಗ್ರಹವೊಂದು ಮೇಲಿನಿಂದ ಮಗುವನ್ನು ನೋಡುತ್ತಿದೆ ಎಂಬ ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಉಪಗ್ರಹಕ್ಕೆ ಗಡಿಯಾರ ಎಲ್ಲಿದೆ ಎಂಬುದು ಗೊತ್ತೇ ಇರುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳು ಕಳಿಸುವ ಸಂಕೇತಗಳು ತನ್ನನ್ನು ತಲುಪಲು ತೆಗೆದುಕೊಂಡ ಸಮಯವನ್ನು ಲೆಕ್ಕಹಾಕಿ, ಸಾಧನವೇ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಇಲ್ಲಿಯವರೆಗೆ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ. ಆ ಸ್ಥಾನವನ್ನು ಗಡಿಯಾರವು ಸಿಮ್ ಮೂಲಕ ತಯಾರಕ ಕಂಪನಿಯ ಸರ್ವರಿಗೆ ಕಳಿಸಿ, ಅಲ್ಲಿಂದ ಅದು ತಾಯಿಯ ಫೋನಿಗೆ ಬರುವ ಹಂತದಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಮಗಳು ಎಲ್ಲಿದ್ದಾಳೆ ಎಂಬುದನ್ನು ತಾಯಿಗಿಂತ ಮೊದಲು ತಿಳಿದುಕೊಳ್ಳುವುದು ಆ ಕಂಪನಿ. ತಾಯಿ ನೋಡಿ ಮರೆತ ಮೇಲೂ ಅದನ್ನು ಇಟ್ಟುಕೊಂಡಿರುವುದು ಅದೇ ಕಂಪನಿ.

ಐಡಿ ಕಾರ್ಡಿನ ಆರ್‌ಎಫ್‌ಐಡಿ ಚಿಪ್ ಇದಕ್ಕಿಂತ ಬಡಪಾಯಿ. ಸಾಮಾನ್ಯವಾಗಿ ಅದರಲ್ಲಿ ಬ್ಯಾಟರಿಯೇ ಇರುವುದಿಲ್ಲ. ಗೇಟಿನ ರೀಡರ್ ಹತ್ತಿರ ಬಂದಾಗ ಮಾತ್ರ ತನ್ನ ಸಂಖ್ಯೆಯನ್ನು ಹೇಳುತ್ತದೆ. ಕಾರ್ಡು ಗೇಟು ದಾಟಿತು ಎಂಬುದಷ್ಟೇ ಅದಕ್ಕೆ ಗೊತ್ತು, ಮಗು ದಾಟಿತೇ ಎಂಬುದು ಗೊತ್ತಿಲ್ಲ. 2021ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ, ವಸ್ತುಗಳನ್ನು ಹುಡುಕಲು ಬಳಸುವ ಆ್ಯಪಲ್ ಕಂಪನಿಯ ಪುಟ್ಟ ಬಿಲ್ಲೆ ಏರ್‌ಟ್ಯಾಗ್‌ನದು ಮತ್ತೊಂದು ಬಗೆ. ಅದರಲ್ಲಿ ಜಿಪಿಎಸ್ ಇಲ್ಲ. ಅದು ಹೊರಡಿಸುವ ಬ್ಲೂಟೂತ್ ಸಂಕೇತವನ್ನು ದಾರಿಯಲ್ಲಿ ಹೋಗುವ ಅಪರಿಚಿತರ ಐಫೋನುಗಳು ಹಿಡಿದು ಮಾಲೀಕರಿಗೆ ತಲುಪಿಸುತ್ತವೆ. ಅದು ಬೀಗದ ಕೈ, ಚೀಲಗಳಂಥ ವಸ್ತುಗಳಿಗೆ ಮಾತ್ರ ಎಂದು ಆ್ಯಪಲ್ ಹೇಳಿದ್ದರೂ ನಮ್ಮಲ್ಲಿ ಅದನ್ನು ಮಕ್ಕಳ ಸ್ಕೂಲ್ ಬ್ಯಾಗಿನೊಳಗೆ ಹಾಕುವವರಿದ್ದಾರೆ. ಹೆಂಗಸರ ಹಿಂದೆ ಬೀಳಲು ಇಂಥ ಟ್ಯಾಗುಗಳ ದುರ್ಬಳಕೆ ಶುರುವಾದ ಮೇಲೆ, ಅಪರಿಚಿತ ಟ್ಯಾಗೊಂದು ಜೊತೆಯಲ್ಲೇ ಚಲಿಸುತ್ತಿದ್ದರೆ ಫೋನಿಗೆ ಎಚ್ಚರಿಕೆ ಬರುವ ವ್ಯವಸ್ಥೆಯನ್ನು ಬಲಪಡಿಸಲಾಯಿತು. 2024ರ ಮೇ ತಿಂಗಳಲ್ಲಿ ಆ್ಯಪಲ್ ಮತ್ತು ಗೂಗಲ್ ಸೇರಿ ಅದನ್ನು ಎರಡೂ ಬಗೆಯ ಫೋನುಗಳಿಗೆ ವಿಸ್ತರಿಸಿದವು. ಹೀಗಾಗಿ ಮಗುವಿನ ಚೀಲದ ಟ್ಯಾಗು ಶಾಲಾ ಬಸ್ಸಿನ ಆಯಾ ಅವರ ಫೋನಿನಲ್ಲಿ ‘ಯಾರೋ ನಿಮ್ಮನ್ನು ಹಿಂಬಾಲಿಸುತ್ತಿರಬಹುದು’ ಎಂಬ ಗಾಬರಿ ಹುಟ್ಟಿಸಬಹುದು. ಬೇರೆಯವರ ಮೇಲಿನ ಪರಿಣಾಮವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಈ ಸಾಧನಗಳ ಮಿತಿಯೂ ನೈತಿಕ ಪ್ರಶ್ನೆಯ ಭಾಗವೇ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಸುಪಾಸಿನ ನಿಖರತೆ ಕೊಡುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಗೋಡೆಗೆ ಬಡಿದು ಪ್ರತಿಫಲಿಸುವುದರಿಂದ ಮಗು ಪಕ್ಕದ ರಸ್ತೆಯಲ್ಲಿರುವಂತೆ ತೋರಬಹುದು. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗಿನ ನೆಲದಡಿಯ ಮೆಟ್ರೊ, ಮಾಲುಗಳ ಬೇಸ್‌ಮೆಂಟು, ಬ್ಯಾಟರಿ ಮುಗಿದ ಗಡಿಯಾರ ಇವೆಲ್ಲವೂ ಪರದೆಯ ಮೇಲೆ ‘ಕೊನೆಯ ಬಾರಿ ಕಂಡ ಸ್ಥಳ’ವಾಗಿ ನಿಂತುಬಿಡುತ್ತವೆ, ಮನೆಯಲ್ಲಿ ಕುಳಿತವರಿಗೆ ಅದು ಮಗುವಿಗೇನೋ ಆಗಿರುವ ಸೂಚನೆಯಾಗಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ಮಿತಿಯೆಂದರೆ, ಟ್ರ್ಯಾಕರ್ ಇರುವ ಜಾಗವನ್ನು ಹೇಳುತ್ತದೆ, ಇರುವ ಸ್ಥಿತಿಯನ್ನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಾಣುವ ಅಂಶವೊಂದಿದೆ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರದಂಥ ಗಂಭೀರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳ ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿದ್ದವರು, ಮನೆಯವರು, ನೆಂಟರು, ನೆರೆಯವರು, ಪರಿಚಯದವರು. ಇಂಥ ಸಂದರ್ಭದಲ್ಲಿ ನಕ್ಷೆಯ ಮೇಲಿನ ಹಸಿರು ಚುಕ್ಕೆ ಮಗು ಇರಬೇಕಾದಲ್ಲೇ ಇದೆ ಎಂದು ತೋರಿಸುತ್ತಿರುತ್ತದೆ. ಅಪರಿಚಿತರ ಭಯಕ್ಕಾಗಿ ಕೊಂಡ ಸಾಧನವು ಪರಿಚಿತರ ವಿಷಯದಲ್ಲಿ ಹುಸಿ ನೆಮ್ಮದಿ ಕೊಡುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಬಾಗಿಲು ತೆರೆಯುವ ನಿಗಾ, ಬಾಗಿಲು ಹಾಕುವ ನಿಗಾ

ಹಾಗಾದರೆ ಯಾವ ನಿಗಾ ಒಪ್ಪತಕ್ಕದ್ದು? ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈ ಸಾಧನ ಬಂದ ಮೇಲೆ ಆ ವ್ಯಕ್ತಿಯ ಓಡಾಟ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು. ಗಡಿಯಾರ ಇರುವುದರಿಂದ ಮಗು ಒಬ್ಬನೇ ಲೈಬ್ರರಿಗೆ ಹೋಗಿ ಬರುವಂತಾದರೆ, ಬಿಎಂಟಿಸಿ ಬಸ್ಸು ಹತ್ತಲು ಕಲಿತರೆ, ನಿಗಾ ಸ್ವಾತಂತ್ರ್ಯಕ್ಕೆ ಬೆಂಬಲವಾಗಿದೆ ಎನ್ನಬಹುದು. ಅದೇ ಗಡಿಯಾರದಿಂದಾಗಿ ಟ್ಯೂಷನ್ ಮುಗಿದ ಮೇಲೆ ಚಾಟ್ ಅಂಗಡಿಯ ಮುಂದೆ ಐದು ನಿಮಿಷ ನಿಂತದ್ದಕ್ಕೂ ‘ಅಲ್ಲಿ ಏನು ಮಾಡ್ತಿದ್ದೀಯ ಪುಟ್ಟಾ’ ಎಂಬ ಕರೆ ಬರುವಂತಾದರೆ, ಮೊದಲು ಇದ್ದ ಸಣ್ಣ ಸ್ವಾತಂತ್ರ್ಯವೂ ಹೋಯಿತು. ಸಾಧನ ಎರಡೂ ಕಡೆ ಒಂದೇ, ಬೆಲೆಯೂ ಒಂದೇ.

ಮಕ್ಕಳಿಗೂ ಖಾಸಗಿತನವಿದೆ ಎಂಬುದು ಹೊಸ ಕಾಲದ ಮಾತಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಅದನ್ನು ಸ್ಪಷ್ಟವಾಗಿ ಹೇಳಿದೆ, ಭಾರತ ಅದಕ್ಕೆ 1992ರಲ್ಲಿ ಸೇರಿದೆ. ಅದೇ ಒಡಂಬಡಿಕೆಯ 5ನೆಯ ವಿಧಿ ಇನ್ನೂ ಉಪಯುಕ್ತವಾದ ಮಾತನ್ನು ಹೇಳುತ್ತದೆ: ತಂದೆತಾಯಿಯರ ಮಾರ್ಗದರ್ಶನವು ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ಹೊಂದಿಕೊಂಡಿರಬೇಕು. ಅಂದರೆ ಆರು ವರ್ಷದ ಮಗುವಿನ ವಿಷಯದಲ್ಲಿ ಸರಿಯಾದ ನಿಗಾ ಹನ್ನೊಂದಕ್ಕೆ ಸಡಿಲವಾಗಬೇಕು, ಹದಿನಾರಕ್ಕೆ ಬಹುಪಾಲು ಮಾಯವಾಗಬೇಕು. ಸಾಧನಗಳು ಹೀಗೆ ತಾವಾಗಿ ಸಡಿಲವಾಗುವುದಿಲ್ಲ. ಒಮ್ಮೆ ಹಾಕಿದ ಸೆಟ್ಟಿಂಗ್ ಯಾರಾದರೂ ತೆಗೆಯುವವರೆಗೆ ಹಾಗೆಯೇ ಇರುತ್ತದೆ, ಚಂದಾ ಹಣ ಖಾತೆಯಿಂದ ತಾನಾಗಿ ಕಡಿತವಾಗುತ್ತಿರುತ್ತದೆ.

ನಿಗಾದಿಂದ ಮಗುವಿನ ಬಗ್ಗೆ ಹೆಚ್ಚು ತಿಳಿಯುತ್ತದೆಯೇ? ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಮನೋವಿಜ್ಞಾನಿಗಳು ಹದಿನಾಲ್ಕು ವರ್ಷದ 703 ಮಕ್ಕಳು ಮತ್ತು ಅವರ ಪೋಷಕರನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದನ್ನು ಚೆನ್ನಾಗಿ ಬಲ್ಲ ಪೋಷಕರ ಮಕ್ಕಳು ಕಡಿಮೆ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತಿತ್ತು. ಅದಕ್ಕೆ ಪೋಷಕರ ಕಣ್ಗಾವಲು ಕಾರಣವೆಂದು ಎಲ್ಲರೂ ಎಣಿಸಿದ್ದರು. ಈ ಇಬ್ಬರು ತೋರಿಸಿಕೊಟ್ಟದ್ದೆಂದರೆ, ಆ ಪೋಷಕರ ತಿಳಿವಳಿಕೆ ಮುಖ್ಯವಾಗಿ ಬಂದದ್ದು ಮಕ್ಕಳು ತಾವಾಗಿಯೇ ಹೇಳಿಕೊಂಡದ್ದರಿಂದ, ಪತ್ತೇದಾರಿಕೆಯಿಂದಲ್ಲ. ಅಂದರೆ ಮನೆಗೆ ಬಂದು ಹೇಳಿಕೊಳ್ಳುವ ಅಭ್ಯಾಸವನ್ನು ಒಡೆಯುವ ಯಾವುದೇ ಉಪಾಯ, ಎಷ್ಟೇ ನಿಖರವಾಗಿರಲಿ, ಮಾಹಿತಿಯ ಮುಖ್ಯ ಮೂಲವನ್ನೇ ಬತ್ತಿಸುತ್ತದೆ. ಫೋನಿನಲ್ಲಿ ಟ್ರ್ಯಾಕರ್ ಇಲ್ಲದ ಕಾಲದ ಅಧ್ಯಯನವಿದು ಎಂಬ ಆಕ್ಷೇಪ ಬರಬಹುದು. ಆದರೆ ನಂಬಿಕೆ ಕಳೆದುಕೊಂಡ ಹದಿಹರೆಯದವರು ಬಾಯಿ ಮುಚ್ಚಿಕೊಳ್ಳುವುದು ತಂತ್ರಜ್ಞಾನಕ್ಕೆ ಸಂಬಂಧಿಸಿದ ವಿಷಯವಲ್ಲ.

ಸಾಧನ ತಯಾರಿಸುವವರು ಯಾರ ಕಡೆಗಿದ್ದಾರೆ ಎಂಬುದಕ್ಕೂ ಸಾಕ್ಷ್ಯವಿದೆ. ಹದಿಹರೆಯದವರ ಸುರಕ್ಷತೆಗೆಂದು ಮಾರುವ 75 ಆಂಡ್ರಾಯ್ಡ್ ಆ್ಯಪ್‌ಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2017ರಲ್ಲಿ ವರದಿ ಮಾಡಿದಾಗ, ಅವುಗಳ ಸೌಲಭ್ಯಗಳಲ್ಲಿ ಶೇಕಡ 89ರಷ್ಟು ಪೋಷಕರ ನಿಯಂತ್ರಣಕ್ಕಾಗಿಯೇ ಇದ್ದವು. ಮಗು ತನ್ನನ್ನು ತಾನು ಸಂಭಾಳಿಸಿಕೊಳ್ಳಲು ಕಲಿಸುವಂಥವು ಕೇವಲ ಶೇಕಡ 11. ಕೊಳ್ಳುವವರು ಪೋಷಕರಾದ್ದರಿಂದ ಇದು ಆಶ್ಚರ್ಯವಲ್ಲ.

ಮಗುವಿಗೆ ತಿಳಿಸದೆ ಇಡುವ ನಿಗಾ ಮಾತ್ರ ಬೇರೆಯೇ ವರ್ಗಕ್ಕೆ ಸೇರಿದ್ದು. ನಾಲ್ಕು ವರ್ಷದ ಮಗುವಿಗೂ ‘ಈ ಗಡಿಯಾರ ಹಾಕಿಕೊಂಡರೆ ನೀನು ಎಲ್ಲಿದ್ದೀಯ ಅಂತ ಅಮ್ಮನಿಗೆ ಗೊತ್ತಾಗುತ್ತೆ’ ಎಂದು ಹೇಳಬಹುದು, ಮಗು ಅದನ್ನು ಅರ್ಥ ಮಾಡಿಕೊಳ್ಳುತ್ತದೆ. ಹೇಳಲು ಹಿಂಜರಿಕೆಯಾಗುತ್ತದೆ ಎಂದರೆ ಆ ಹಿಂಜರಿಕೆಯೇ ಉತ್ತರ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಜಾರಿಗೆ ತಂದ ಮಕ್ಕಳ ಸಂಹಿತೆ ಇದನ್ನು ವಿನ್ಯಾಸದ ನಿಯಮವಾಗಿಯೇ ಬರೆದಿದೆ: ಪೋಷಕರು ಮಗುವಿನ ಲೊಕೇಶನ್ ನೋಡುತ್ತಿದ್ದರೆ ಅದು ಮಗುವಿಗೆ ಕಣ್ಣಿಗೆ ಬೀಳುವ ಗುರುತಿನ ಮೂಲಕ ಗೊತ್ತಾಗುತ್ತಿರಬೇಕು, ಲೊಕೇಶನ್ ಸೌಲಭ್ಯವು ಮೊದಲಿಗೆ ಆಫ್ ಆಗಿಯೇ ಇರಬೇಕು. ಗುಟ್ಟಾಗಿ ಫೋನಿಗೆ ಹಾಕುವ ಆ್ಯಪ್‌ಗಳಲ್ಲಿ ತನ್ನ ಐಕಾನನ್ನೇ ಅಡಗಿಸಿಕೊಳ್ಳುವುದನ್ನು ಸೌಲಭ್ಯವೆಂದು ಜಾಹೀರಾತು ಮಾಡುತ್ತಾರೆ; ಹೆಂಡತಿಯನ್ನು ಹಿಂಬಾಲಿಸುವ ಗಂಡಂದಿರು ಬಳಸುವುದೂ ಅದೇ ಬಗೆಯ ಆ್ಯಪ್‌ಗಳನ್ನು.

ನಮ್ಮ ಊರಿನ ಸಂದರ್ಭದಲ್ಲಿ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಒಂದೇ ಮನೆಯಲ್ಲಿ ಪಿಯುಸಿ ಓದುವ ಮಗಳ ಫೋನಿಗೆ ಟ್ರ್ಯಾಕರ್ ಇದ್ದು, ಬೈಕಿನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ಮಗನ ಫೋನಿಗೆ ಇಲ್ಲದಿದ್ದರೆ, ಅಲ್ಲಿ ಕಾಯುತ್ತಿರುವುದು ಸುರಕ್ಷತೆಯನ್ನಲ್ಲ. ರಸ್ತೆ ಅಪಘಾತದ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೊದಲು ಚಿಂತೆ ಮಾಡಬೇಕಾದದ್ದು ಮಗನ ಬಗ್ಗೆ. ಮಗಳು ಯಾವ ಜಾತಿಯ ಹುಡುಗನ ಜೊತೆ ಕಾಫಿ ಕುಡಿಯುತ್ತಾಳೆ ಎಂಬುದು ಪತ್ತೆಯಾಗಲಿ ಎಂದು ಇಟ್ಟ ನಿಗಾಕ್ಕೆ ಸುರಕ್ಷತೆಯ ಹೆಸರು ಒಪ್ಪುವುದಿಲ್ಲ. ಇದಕ್ಕೂ ಗಂಭೀರವಾದದ್ದು ಮನೆಯೊಳಗೇ ಹಿಂಸೆ ಇರುವ ಸಂದರ್ಭ. ಮನೆಯೇ ಅತ್ಯಂತ ಸುರಕ್ಷಿತ ಸ್ಥಳ, ಅಪಾಯವೆಲ್ಲ ಹೊರಗಿದೆ ಎಂಬ ಊಹೆಯ ಮೇಲೆ ಪ್ರತಿಯೊಂದು ಟ್ರ್ಯಾಕರ್ ಕೆಲಸ ಮಾಡುತ್ತದೆ. ಆ ಊಹೆ ಸುಳ್ಳಾದ ಮನೆಯಲ್ಲಿ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದೂ ಟೀಚರ ಮನೆಗೆ ಓಡಿದ್ದೂ ಹಿಂಸೆ ಕೊಡುವವರ ಫೋನಿನಲ್ಲೇ ಕಾಣಿಸಿಕೊಳ್ಳಬಹುದು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಅವರ ಹೆಸರು ಇಂದು ದೇಶದ ಪ್ರತಿಯೊಂದು ಖಾಸಗಿತನದ ವ್ಯಾಜ್ಯದಲ್ಲೂ ಬರುತ್ತದೆ. ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂಬ ಒರೆಗಲ್ಲನ್ನು ತೀರ್ಪು ಕೊಟ್ಟಿದೆ. ಮಕ್ಕಳು ಚಿಕ್ಕಂದಿನಲ್ಲಿ ಅಂತರ್ಜಾಲದಲ್ಲಿ ಬಿಟ್ಟ ಹೆಜ್ಜೆಗುರುತು ಜೀವನವಿಡೀ ಅವರನ್ನು ಕಾಡಬಾರದು ಎಂಬ ಕಾಳಜಿಯನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ವ್ಯಕ್ತಪಡಿಸಿದ್ದಾರೆ. ಈ ಒರೆಗಲ್ಲು ಇರುವುದು ಸರ್ಕಾರಕ್ಕೆ. ಆದರೆ ಉದ್ದೇಶಕ್ಕೆ ತಕ್ಕ ಪ್ರಮಾಣ ಎಂಬ ಮಾತನ್ನು ಮನೆಯೊಳಗೆ ತಂದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಸೆಕ್ಷನ್ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶ ಬಳಸಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ಕಡ್ಡಾಯ ಮಾಡಿದೆ. ಮಕ್ಕಳ ಜಾಡು ಹಿಡಿಯುವುದು, ವರ್ತನೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿಯಾಗಿಸಿದ ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುತ್ತವೆ. ಶಾಲೆಗಳು, ಶಿಶುಪಾಲನಾ ಕೇಂದ್ರಗಳು ಮತ್ತು ಮಕ್ಕಳನ್ನು ಕರೆದೊಯ್ಯುವ ವಾಹನದವರಿಗೆ ಸುರಕ್ಷತೆಯ ಉದ್ದೇಶಕ್ಕೆ ಸೀಮಿತವಾಗಿ ವಿನಾಯಿತಿ ಇದೆ. ಹೀಗಾಗಿ ಶಾಲಾ ಬಸ್ಸು ದಾರಿಯಲ್ಲಿರುವಾಗ ಅದರ ಜಾಡು ನೋಡುವುದಕ್ಕೆ ತೊಡಕಿಲ್ಲ. ಅದೇ ದತ್ತಾಂಶವನ್ನು ಕೋಚಿಂಗ್ ಸೆಂಟರಿಗೆ ಮಾರಲು ಮಾತ್ರ ಬರುವುದಿಲ್ಲ.

ಮನೆಯೊಳಗಿನ ವಿಷಯಕ್ಕೆ ಬಂದರೆ ಕಾಯ್ದೆ ಹೊಸ್ತಿಲಿನ ಆಚೆಯೇ ನಿಲ್ಲುತ್ತದೆ. ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೆ ಅದು ಅನ್ವಯಿಸುವುದೇ ಇಲ್ಲ. ಗಡಿಯಾರದ ಕಂಪನಿಯನ್ನು ಕಾಯ್ದೆ ಕೇಳಬಹುದು, ಗಡಿಯಾರ ಕಟ್ಟಿದ ತಂದೆಯನ್ನು ಕೇಳುವುದಿಲ್ಲ. ಪ್ರತಿ ಮನೆಯ ಜಗಳಕ್ಕೂ ಕಾನೂನು ಬರಬಾರದಾದ್ದರಿಂದ ಇದು ಬಹುಶಃ ಸರಿಯೇ. ಆದರೆ ಪೋಷಕರ ಸಮ್ಮತಿಯನ್ನೇ ಮಗುವಿನ ರಕ್ಷಣೆಯೆಂದು ಭಾವಿಸಿರುವ ಈ ಕಾಯ್ದೆಯಲ್ಲಿ, ನಿಗಾ ಇಡುವವರೇ ಪೋಷಕರಾದಾಗ ಮಗುವಿನ ಪರವಾಗಿ ಮಾತನಾಡುವವರು ಯಾರೂ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು.

ಮರೆವಿನ ಹಿರಿಯರ ವಿಷಯ

ಮಕ್ಕಳ ನಿಗಾ ವರ್ಷಗಳು ಕಳೆದಂತೆ ಕಡಿಮೆಯಾಗಬೇಕಾದದ್ದು. ಡಿಮೆನ್ಷಿಯಾ ಇರುವವರ ವಿಷಯದಲ್ಲಿ ಅಗತ್ಯ ಬೆಳೆಯುತ್ತ ಹೋಗುತ್ತದೆ, ಸಮ್ಮತಿ ಕೊಡುವ ಶಕ್ತಿ ಕುಂದುತ್ತ ಹೋಗುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜು ಹೇಳುತ್ತದೆ. ಮಕ್ಕಳು ಹೊರದೇಶದಲ್ಲೋ ನಗರದ ಇನ್ನೊಂದು ತುದಿಯಲ್ಲೋ ಇರುವ, ಜಯನಗರ ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ.

ಮನೆ ಬಿಟ್ಟು ಹೊರಡುವುದು ಈ ಕಾಯಿಲೆಯ ಸಾಮಾನ್ಯ ಲಕ್ಷಣ. ಅದು ಬಹಳ ಸಲ ಗೊತ್ತುಗುರಿಯಿಲ್ಲದ ಅಲೆದಾಟವೂ ಅಲ್ಲ. ಜಾಲಹಳ್ಳಿಯ ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಮೂವತ್ತು ವರ್ಷ ದುಡಿದವರು ಬೆಳಗಿನ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಡಬಹುದು. ಅಜ್ಜಿಯೊಬ್ಬರು ತವರುಮನೆಯನ್ನು ಹುಡುಕಿಕೊಂಡು ಹೋಗಬಹುದು. ಇಂಥ ಮನೆಗಳಲ್ಲಿ ಟ್ರ್ಯಾಕರಿಗೆ ಬದಲಿಯಾಗಿ ಇರುವುದು ಪೂರ್ಣ ಸ್ವಾತಂತ್ರ್ಯವಲ್ಲ, ಹೊರಗಿನಿಂದ ಹಾಕಿದ ಚಿಲಕ ಅಥವಾ ಮಂಪರು ತರಿಸುವ ಮಾತ್ರೆ. ಆ ಎರಡಕ್ಕೆ ಹೋಲಿಸಿದರೆ, ಅಜ್ಜ ದಿನವೂ ಪಾರ್ಕಿಗೆ ಹೋಗಿಬರಲು ಬಿಡುವ, ದಾರಿ ತಪ್ಪಿದಾಗ ಮಾತ್ರ ನೋಡುವ ಟ್ರ್ಯಾಕರ್ ಹೆಚ್ಚು ಮಾನವೀಯ. ಓಡಾಟ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಬಾಗಿಲಿನ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಬಹುಪಾಲು ಸಾಧನದ ಪರವಾಗಿಯೇ ಇದೆ. ಟ್ರ್ಯಾಕರೂ ಹಾಕಿ ಚಿಲಕವೂ ಹಾಕುವ ಮನೆಗಳ ಮಾತು ಬೇರೆ.

ಸಮ್ಮತಿಯ ತೊಡಕಿಗೆ ಪರಿಹಾರವಿರುವುದು ಸಮಯದಲ್ಲಿ. ಕಾಯಿಲೆ ಪತ್ತೆಯಾದ ಆರಂಭದ ದಿನಗಳಲ್ಲಿ ಹೆಚ್ಚಿನವರು ತಮಗೆ ಏನು ಬೇಕು, ಏನು ಬೇಡ ಎಂದು ಸ್ಪಷ್ಟವಾಗಿ ಹೇಳಬಲ್ಲರು. ನಿಮ್ಹಾನ್ಸ್‌ನಂಥ ಆಸ್ಪತ್ರೆಯಿಂದ ಮೊದಲ ವರದಿ ಕೈಗೆ ಬಂದ ವಾರಗಳಲ್ಲೇ ‘ಅಪ್ಪ, ಮುಂದೆ ನಿಮಗೆ ದಾರಿ ಮರೆತುಹೋಗುವಂತಾದರೆ ಇಂಥದೊಂದು ಗಡಿಯಾರ ಕಟ್ಟಬಹುದೇ, ಅದನ್ನು ಯಾರು ನೋಡಬಹುದು’ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ ಬರೆದಿಡುವ ಮತ್ತು ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕನ್ನು ಕೊಟ್ಟಿದೆ. ಟ್ರ್ಯಾಕಿಂಗ್ ಅದರಲ್ಲಿ ನೇರವಾಗಿ ಬರದಿದ್ದರೂ, ಮುಂದಿನ ತನ್ನ ಬಗ್ಗೆ ಇಂದಿನ ತಾನು ನಿರ್ಧರಿಸಬಹುದು ಎಂಬ ಅದರ ತತ್ವ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆಮೇಲಿನ ಹಂತದಲ್ಲೂ ಮಾತು ಹೋದರೂ ಅಭಿಪ್ರಾಯ ಹೋಗಿರುವುದಿಲ್ಲ. ದಿನವೂ ಗಡಿಯಾರವನ್ನು ಕಿತ್ತೆಸೆಯುವ ಅಜ್ಜಿ ಏನನ್ನೋ ಹೇಳುತ್ತಿದ್ದಾರೆ. ಆಕೆಗೆ ಬಿಚ್ಚಲಾಗದ ಪಟ್ಟಿಯನ್ನು ಹುಡುಕುವ ಮೊದಲು, ಪಟ್ಟಿ ಚರ್ಮಕ್ಕೆ ತುರಿಕೆಯೋ, ಬಳೆಯ ಪಕ್ಕ ಅದು ಅಡ್ಡಿಯೋ, ಕೊರಳ ಸರಕ್ಕೆ ಪದಕವಾಗಿ ಹಾಕಿದರೆ ಒಪ್ಪುತ್ತಾರೋ ಎಂದು ನೋಡಬೇಕು.

ಯಾವಾಗಲೂ ಜಾಡು ಹಿಡಿಯುವ ಸಾಧನವೇ ಬೇಕೆಂದೂ ಇಲ್ಲ. ಜಪಾನಿನ ಇರುಮಾ ನಗರ 2016ರಲ್ಲಿ ಡಿಮೆನ್ಷಿಯಾ ಇರುವ ಹಿರಿಯರ ಉಗುರಿಗೆ ಅಂಟಿಸುವ ಪುಟ್ಟ ಕ್ಯೂಆರ್ ಸ್ಟಿಕರನ್ನು ಕೊಡತೊಡಗಿತು. ಯಾರಾದರೂ ಅದನ್ನು ಸ್ಕ್ಯಾನ್ ಮಾಡಿದರೆ ಮಾತ್ರ ನಗರಸಭೆಯ ಮಾಹಿತಿ ತೆರೆದುಕೊಳ್ಳುತ್ತದೆ. ಕಳೆದುಹೋಗದ ದಿನಗಳಲ್ಲಿ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಅಂಗಿಯ ಒಳಜೇಬಿಗೆ ಹೊಲಿದ ಫೋನ್ ನಂಬರು, ರಸ್ತೆ ತುದಿಯ ಬೇಕರಿಯವರಿಗೂ ಆಟೊ ಸ್ಟ್ಯಾಂಡಿನವರಿಗೂ ಮೊದಲೇ ಹೇಳಿಟ್ಟ ಒಂದು ಮಾತು ಇದೇ ಜಾತಿಗೆ ಸೇರಿದವು. ಬೆಂಗಳೂರು ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಶುರುಮಾಡಿದ 1090 ಹಿರಿಯರ ಸಹಾಯವಾಣಿಯೂ ರಾಷ್ಟ್ರೀಯ ಸಹಾಯವಾಣಿ 14567 ಕೂಡ ಹಿರಿಯರ ನೆರವಿಗಾಗಿಯೇ ಇವೆ. ಯಾರಾದರೂ ಕಾಣೆಯಾದಾಗ ಮಾತ್ರ ತಡಮಾಡದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಕ್ಯಾಮೆರಾದ ಬಗ್ಗೆ ನನಗೆ ಅಷ್ಟು ಸಹನೆಯಿಲ್ಲ. ಹಜಾರದಲ್ಲಿ ಬಿದ್ದರೆ ಗೊತ್ತಾಗಲಿ ಎಂದು ಇಟ್ಟ ಕ್ಯಾಮೆರಾ ಒಂದು ಮಾತು. ಮೈ ಒರೆಸುವ, ಬಟ್ಟೆ ಬದಲಿಸುವ ಕೋಣೆಯಲ್ಲಿಟ್ಟ ಕ್ಯಾಮೆರಾ ಬೇರೆಯೇ ಮಾತು. ಜೀವನವಿಡೀ ಸೆರಗು ಸರಿಪಡಿಸಿಕೊಂಡೇ ಮಗನೆದುರು ಬಂದ ತಾಯಿಗೆ ಈಗ ನೆನಪು ಮಾಸಿದೆ ಎಂಬ ಕಾರಣಕ್ಕೆ ಆ ಸಂಕೋಚ ಇಲ್ಲವಾಗುವುದಿಲ್ಲ. ಆ ಕ್ಯಾಮೆರಾದ ಕಣ್ಣಿಗೆ ಬೀಳುವ ಇನ್ನೊಬ್ಬರೂ ಇದ್ದಾರೆ. ಏಜೆನ್ಸಿಯಿಂದ ಬಂದು ಹನ್ನೆರಡು ಗಂಟೆ ಅದೇ ಕೋಣೆಯಲ್ಲಿ ಕೂರುವ, ಅಲ್ಲೇ ಊಟ ಮಾಡಿ ಅಲ್ಲೇ ಒರಗುವ ಕೇರ್‌ಟೇಕರ್ ಹೆಣ್ಣುಮಗಳಿಗೆ ಕ್ಯಾಮೆರಾ ಇದೆ ಎಂದಾದರೂ ಹೇಳಿರಬೇಕು, ಅದರ ಕಣ್ಣಿಗೆ ಬೀಳದ ಒಂದು ಮೂಲೆಯಾದರೂ ಆಕೆಗೆ ಇರಬೇಕು. ಮನೆಗೆಲಸದವರು ಬಂದದ್ದು ಹೋದದ್ದು ಗೇಟಿನ ಆ್ಯಪ್ ಮೂಲಕ ಹಲವು ಮನೆಗಳವರಿಗೆ ಕಾಣುವ, ಅಂಕ ಹಾಕುವ ಪದ್ಧತಿಯೂ ಬೇಡವೆನ್ನಲಾಗದವರ ಮೇಲಿನ ನಿಗಾವೇ. ಒಪ್ಪದಿದ್ದರೆ ಕೆಲಸವಿಲ್ಲ ಎಂಬಲ್ಲಿ ಸಮ್ಮತಿಗೆ ಅರ್ಥವಿಲ್ಲ.

ವಿಕಲಚೇತನರ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ನೀರಿನತ್ತ ಸೆಳೆತವಿರುವ, ಅಪಾಯದ ಅರಿವಿಲ್ಲದ ಆಟಿಸಂ ಮಗುವಿಗೆ, ಅದರಲ್ಲೂ ಕೆರೆಯ ಪಕ್ಕದ ಬಡಾವಣೆಯಲ್ಲಿ, ಟ್ರ್ಯಾಕರಿನ ಕಾರಣ ಗಟ್ಟಿಯಾಗಿಯೇ ಇದೆ. ಆದರೆ ಮೂವತ್ತು ವರ್ಷದ ವ್ಯಕ್ತಿಯನ್ನು ಅಂಗವೈಕಲ್ಯದ ಕಾರಣಕ್ಕೆ ಮಗುವಿನಂತೆ ನೋಡುವುದನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಪ್ಪುವುದಿಲ್ಲ. ಅದು ಹೇಳುವ ಸೀಮಿತ ಪಾಲಕತ್ವದಲ್ಲಿ ಪಾಲಕರು ಮತ್ತು ಆ ವ್ಯಕ್ತಿ ಪರಸ್ಪರ ನಂಬಿಕೆಯಿಂದ ಕೂಡಿ ನಿರ್ಧರಿಸಬೇಕು. ದತ್ತಾಂಶ ಕಾಯ್ದೆಯ 9ನೆಯ ಸೆಕ್ಷನ್ ಪಾಲಕರಿರುವ ವಿಕಲಚೇತನರನ್ನು ಮಕ್ಕಳ ಜೊತೆಗೇ ಸೇರಿಸಿ ಪಾಲಕರ ಸಮ್ಮತಿ ಸಾಕೆನ್ನುವುದು ಈ ಆಶಯಕ್ಕೆ ಸರಿಹೊಂದುವುದಿಲ್ಲ.

ಕೊಳ್ಳುವ ಮೊದಲು, ಬಿಚ್ಚಿದ ಮೇಲೆ

ರಕ್ಷಣೆಗೆಂದು ಕೊಂಡ ಸಾಧನವೇ ಅಪಾಯವಾದ ಉದಾಹರಣೆಗಳಿವೆ. ನಾರ್ವೆಯ ಗ್ರಾಹಕ ಮಂಡಳಿ 2017ರಲ್ಲಿ ಮಕ್ಕಳ ಸ್ಮಾರ್ಟ್ ಗಡಿಯಾರಗಳನ್ನು ಪರೀಕ್ಷಿಸಿದಾಗ, ಕೆಲವನ್ನು ಅಪರಿಚಿತರು ವಶಕ್ಕೆ ತೆಗೆದುಕೊಂಡು ಮಗುವಿನ ಜಾಡು ನೋಡಬಹುದಾದಷ್ಟು ಅವು ಸಡಿಲವಾಗಿದ್ದವು. ಅದೇ ವರ್ಷ ಜರ್ಮನಿಯ ನಿಯಂತ್ರಣ ಸಂಸ್ಥೆ, ಸುತ್ತಲಿನ ಮಾತನ್ನು ಗುಟ್ಟಾಗಿ ಕೇಳಿಸಿಕೊಳ್ಳಬಲ್ಲ ಮಕ್ಕಳ ಗಡಿಯಾರಗಳನ್ನು ನಿಷೇಧಿಸಿತು. ಪೋಷಕರು ಅವುಗಳ ಮೂಲಕ ತರಗತಿಯ ಪಾಠವನ್ನು ಕದ್ದು ಕೇಳುತ್ತಿದ್ದುದೂ ಅದರ ಗಮನಕ್ಕೆ ಬಂದಿತ್ತು. ಕುಟುಂಬಗಳಿಗಾಗಿಯೇ ಇರುವ ಲೈಫ್360 ಎಂಬ ಆ್ಯಪ್ ತನ್ನ ಬಳಕೆದಾರರ ನಿಖರ ಲೊಕೇಶನ್ ದತ್ತಾಂಶವನ್ನು ವ್ಯಾಪಾರಿಗಳಿಗೆ ಮಾರುತ್ತಿದ್ದುದು 2021ರ ಡಿಸೆಂಬರ್‌ನಲ್ಲಿ ಪತ್ರಿಕಾ ತನಿಖೆಯಿಂದ ಹೊರಬಂದ ಮೇಲೆ ಕಂಪನಿ ತನ್ನ ನೀತಿಯನ್ನು ಬದಲಿಸಬೇಕಾಯಿತು. ಆದ್ದರಿಂದ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಸಿಗುವ ಹೆಸರಿಲ್ಲದ ಅಗ್ಗದ ಗಡಿಯಾರದ ವಿಷಯದಲ್ಲಿ ದತ್ತಾಂಶ ಯಾವ ದೇಶದ ಸರ್ವರಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆಯೇ ಎಂದು ಕೇಳಿ, ಉತ್ತರ ಸಿಗದಿದ್ದರೆ ಬಿಟ್ಟುಬಿಡುವುದು ಲೇಸು.

ಕೊಂಡ ಮೇಲೆ ಯಾರ ಫೋನಿನಲ್ಲಿ ಅದು ಕಾಣಬೇಕು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಬೇಕು. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು ಎಲ್ಲರಿಗೂ ಲಿಂಕ್ ಹೋದರೆ ಮಗುವಿನ ದಿನಚರಿ ವಾಟ್ಸ್ಆ್ಯಪ್ ಗುಂಪಿನ ಸರಕಾಗುತ್ತದೆ. ಇಬ್ಬರು ಸಾಕು. ಹಿಂದಿನ ಜಾಡಿನ ದಾಖಲೆಯನ್ನು ಇಟ್ಟುಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿ, ಈಗಿನ ಸ್ಥಾನವನ್ನಷ್ಟೇ ನೋಡಬಹುದು. ಮನೆ ಮತ್ತು ಶಾಲೆಯ ಸುತ್ತ ಗಡಿ ಗುರುತಿಸಿ, ಅದನ್ನು ದಾಟಿದಾಗ ಮಾತ್ರ ಸೂಚನೆ ಬರುವಂತೆ ಮಾಡಿದರೆ ಗಳಿಗೆಗೊಮ್ಮೆ ನಕ್ಷೆ ತೆರೆಯುವ ಚಟವೂ ಹತ್ತುವುದಿಲ್ಲ. ಜೂನ್‌ನಲ್ಲಿ ತರಗತಿ ಬದಲಾದಾಗಲೊಮ್ಮೆ ಮಗುವಿನೊಡನೆ ಕೂತು, ಈ ವರ್ಷ ಯಾವುದನ್ನು ತೆಗೆಯೋಣ ಎಂದು ಕೇಳುವುದು ಪ್ರತಿ ವರ್ಷ ಹೊಸ ಸಾಧನ ಸೇರಿಸುವುದಕ್ಕಿಂತ ಒಳ್ಳೆಯ ಪದ್ಧತಿ. ಹಿರಿಯರ ವಿಷಯದಲ್ಲೂ ಹಾಗೆಯೇ: ಹಾಸಿಗೆ ಹಿಡಿದು ಎದ್ದು ಓಡಾಡಲಾಗದವರ ಕೈಯಲ್ಲಿ ಜಿಪಿಎಸ್ ಗಡಿಯಾರ ಯಾರೂ ಗಮನಿಸದೆ ಉಳಿದುಬಿಟ್ಟಿರುತ್ತದೆ.

ಬಿಚ್ಚುವಾಗಲೂ ಕ್ರಮವಿದೆ. ಫೋನಿನಿಂದ ಆ್ಯಪ್ ಅಳಿಸಿದರೆ ಖಾತೆ ಅಳಿಯುವುದಿಲ್ಲ. ಆ್ಯಪ್‌ನೊಳಗೆ ಹೋಗಿ ಹಳೆಯ ದಾಖಲೆಯನ್ನೂ ಖಾತೆಯನ್ನೂ ಅಳಿಸುವಂತೆ ಕೋರಬೇಕು, ದತ್ತಾಂಶ ಕಾಯ್ದೆಯ 12ನೆಯ ಸೆಕ್ಷನ್ ಜಾರಿಗೆ ಬಂದ ಮೇಲೆ ಅದು ಹಕ್ಕೂ ಆಗುತ್ತದೆ. ಗಡಿಯಾರದ ಸಿಮ್ಮನ್ನು ರದ್ದು ಮಾಡಿಸಬೇಕು. ಇನ್ನೂ ಓಡುತ್ತಿದೆಯಲ್ಲ ಎಂದು ಅದನ್ನು ಮನೆಗೆಲಸದವರ ಮಗುವಿಗೋ ವಾಚ್‌ಮನ್ ಅವರ ಮಗುವಿಗೋ ಕೊಡುವುದಾದರೆ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಖಾತೆಯಿಂದ ಬೇರ್ಪಡಿಸಿರಬೇಕು. ಇಲ್ಲದಿದ್ದರೆ ಅದಕ್ಕೆ ಹೊಸ ಸಿಮ್ ಬಿದ್ದ ದಿನದಿಂದ ಆ ಮಗುವಿನ ಜಾಡು ನಿಮ್ಮ ಫೋನಿಗೆ ಬರತೊಡಗಬಹುದು.